ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವ ಮೊದಲು ಕಾಯಿಲ್ ಅಳೆದು ನೋಡಿ

ಹಳೇ ಕಾರಿನ ಪಾಯಿಂಟ್, ಅಂದರೆ ಕಿಡಿ ಹುಟ್ಟಿಸುವ ಕಾಯಿಲ್‌ನ ಕರೆಂಟನ್ನು ಕಡಿಯುವ ಸ್ವಿಚ್, ತೆಗೆಸಿ ಎಲೆಕ್ಟ್ರಾನಿಕ್ ಕಿಟ್ ಹಾಕಿಸಬೇಕು ಅಂತಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ನನ್ನ ಅವಸರದಿಂದ ಅಮ್ಮ ರಾತ್ರಿ ಹೊತ್ತು ಕತ್ತಲೆ ರಸ್ತೆಯಲ್ಲಿ ಮೂರು ಗಂಟೆ ಕೂರಬೇಕಾಯಿತು.

ನನ್ನದು ನಾಲ್ಕು ಸಿಲಿಂಡರ್ ಗಾಡಿ. ಪಾಯಿಂಟ್‌ನಲ್ಲೇ ವರ್ಷಗಟ್ಟಲೆ ಓಡಿತ್ತು. ಆಗಾಗ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು 0.4 ಮಿಲಿಮೀಟರ್ ಗ್ಯಾಪ್ ಸರಿ ಮಾಡಿ, ಪಾಯಿಂಟ್ ತೆರೆಯುವ ಕ್ಯಾಮ್ ಮೇಲೆ ಚೂರು ಗ್ರೀಸ್ ಸವರಿದರೆ ಆಯಿತು. ಆದರೆ ಗ್ಯಾಪ್ ಕಮ್ಮಿಯಾದಾಗೆಲ್ಲ ಟೈಮಿಂಗ್ (ಕಿಡಿ ಹಾರುವ ಸಮಯ) ಕೂಡ ಜಾರುತ್ತೆ, ಪಿಕಪ್ ಹೋಗುತ್ತೆ. ಅದು ಬೇಜಾರಾಗಿ ಕಿಟ್ ಹಾಕಿಸಿದೆ. ಶುರುವಿಗೆ ಬಹಳ ಖುಷಿ. ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಐಡ್ಲಿಂಗ್ ಸಮ. ಹಳೇ ಪಾಯಿಂಟ್, ಅದು ಸುಡದಂತೆ ಕಾಯುವ ಕಂಡೆನ್ಸರ್ ಎರಡನ್ನೂ ಗುಜರಿಗೆ ಹಾಕಿಬಿಟ್ಟೆ.

ಕೆಲವು ವಾರ ಕಳೆದ ಮೇಲೆ ಒಂದು ಲಕ್ಷಣ ಕಾಣಿಸಿತು. ಇಂಜಿನ್ ಚೆನ್ನಾಗಿ ಬಿಸಿಯಾದಾಗ ಮಿಸ್ಸಿಂಗ್. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಪೆಟ್ರೋಲ್‌ನಲ್ಲಿ ಕಸ ಇರಬೇಕು ಅಂದುಕೊಂಡು ಸುಮ್ನೆ ಕಾರ್ಬ್ಯುರೇಟರ್ ಬಿಚ್ಚಿದೆ. ಕಾಯಿಲ್ ಮುಟ್ಟಿ ನೋಡಲಿಲ್ಲ. ನೋಡಿದ್ದರೆ ಕೈ ಸುಡುತ್ತಿತ್ತು, ವಿಷಯ ಅಲ್ಲೇ ಗೊತ್ತಾಗುತ್ತಿತ್ತು.

ಅಮ್ಮನ ಜೊತೆ ಹೋಗುತ್ತಿದ್ದ ಆ ರಾತ್ರಿ ಏರಿನಲ್ಲಿ ಗಾಡಿ ಕೆಮ್ಮಿ ನಿಂತಿತು. ಬಾನೆಟ್ ಎತ್ತಿ, ಕೀ ಆನ್‌ನಲ್ಲೇ ಬಿಟ್ಟು, ಟಾರ್ಚ್ ಹಿಡಿದು ಇಪ್ಪತ್ತು ನಿಮಿಷ ವೈರುಗಳನ್ನು ಹುಡುಕಿದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಒಂದು ಕಿಡಿ ಬರಲಿಲ್ಲ. ಕಿಟ್‌ನ ಮಾಡ್ಯೂಲ್, ಅಂದರೆ ಪಾಯಿಂಟ್ ಬದಲು ಕೂತ ಎಲೆಕ್ಟ್ರಾನಿಕ್ ಸ್ವಿಚ್, ಸತ್ತಿತ್ತು. ಅದನ್ನು ಉಜ್ಜಿ, ತಟ್ಟಿ ಎಬ್ಬಿಸೋಕೆ ಆಗಲ್ಲ. ಪಾಯಿಂಟ್ ಹಾಗಲ್ಲ, ಹಾಳಾಗುವ ಮೊದಲು ಸಾಮಾನ್ಯವಾಗಿ ದಿನಗಟ್ಟಲೆ ಸೂಚನೆ ಕೊಡುತ್ತೆ. ಸುಟ್ಟರೂ ಎಮರಿ ಕಾಗದದಲ್ಲಿ ಉಜ್ಜಿ ಮನೆ ಸೇರಬಹುದು. ಆದರೆ ನನ್ನ ಹತ್ತಿರ ಆಗ ಪಾಯಿಂಟೇ ಇರಲಿಲ್ಲ.

ಗಾಡಿ ಎಳೆಸಿಕೊಂಡು ಬಂದ ಮೇಲೆ ಮಲ್ಟಿಮೀಟರ್ ಹಿಡಿದೆ. ನನ್ನ ಕಾಯಿಲ್ 1.5 ಓಮ್‌ನದು. ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಭಾಗ) ಜೊತೆ ಓಡಬೇಕಾದ ಕಾಯಿಲ್ ಅದು. ಕಿಟ್ ಕೂರಿಸಿದವರು ಮಾಡ್ಯೂಲ್‌ಗೆ ಪೂರ್ತಿ 12 ವೋಲ್ಟ್ ಬೇಕು ಅಂತ ಆ ರೆಸಿಸ್ಟರನ್ನೇ ತೆಗೆದುಹಾಕಿದ್ದರು. ಪೂರ್ತಿ ವೋಲ್ಟೇಜ್ ಬೇಕಿದ್ದದ್ದು ಮಾಡ್ಯೂಲ್‌ಗೆ, ಕಾಯಿಲ್‌ಗೆ ಅಲ್ಲ. ಲೆಕ್ಕ ಸುಲಭ: 12 ವೋಲ್ಟ್‌ಗೆ 3 ಓಮ್ ಕಾಯಿಲ್‌ನಲ್ಲಿ ಜಾಸ್ತಿ ಅಂದರೆ 4 ಆಂಪಿಯರ್, 1.5 ಓಮ್‌ನಲ್ಲಿ 8. ಆ ಕರೆಂಟೆಲ್ಲ ಹಾಯುವುದು ಮಾಡ್ಯೂಲ್ ಮೂಲಕವೇ. ಇಂಜಿನ್ ತಿರುಗದೆ ಕೀ ಆನ್ ಇದ್ದರೆ, ಶಾಫ್ಟ್ ನಿಂತ ಜಾಗ ನೋಡಿಕೊಂಡು, ಕರೆಂಟ್ ಬಿಡುವಿಲ್ಲದೆ ಹರಿಯುತ್ತಲೇ ಇರಬಹುದು. ಅವತ್ತು ಆಗಿದ್ದೂ ಅದೇ.

ಹಾಗಾಗಿ ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್ ಮಧ್ಯೆ, ವೈರ್ ಬಿಚ್ಚಿ, ಓಮ್ ಅಳೆಯಿರಿ. ಕಿಟ್‌ನ ಕಾಗದದಲ್ಲಿ ಎಷ್ಟು ಬೇಕು ಅಂತ ಬರೆದಿರುತ್ತೆ, ಅದಕ್ಕೆ ಹೊಂದದಿದ್ದರೆ ಕಾಯಿಲ್ ಬದಲಿಸಿ. ಗಾಡಿ ಪಾಸಿಟಿವ್ ಅರ್ಥ್‌ನದಾ ನೆಗೆಟಿವ್‌ನದಾ, ಅಂದರೆ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಅಂತಲೂ ನೋಡಿಕೊಳ್ಳಿ. ವೈರ್ ಉಲ್ಟಾ ಆದರೆ ಮಾಡ್ಯೂಲ್ ಕ್ಷಣದಲ್ಲಿ ಹೋಗಬಹುದು. ಬರೀ ತಾಮ್ರದ ಪ್ಲಗ್ ವೈರ್ ಇದ್ದರೆ ಸಪ್ರೆಸರ್ (ಎಲೆಕ್ಟ್ರಾನಿಕ್ಸ್‌ಗೆ ತೊಂದರೆ ಕೊಡುವ ವಿದ್ಯುತ್ ಗದ್ದಲ ತಗ್ಗಿಸುವ ಭಾಗ) ಇರುವಂಥದ್ದು ಹಾಕಿಸಿ. ಹಾಕಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಮತ್ತೆ ಟೈಮಿಂಗ್ ಇಡಿಸಲೇಬೇಕು.

ಎಲೆಕ್ಟ್ರಾನಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡಿಸ್ಟ್ರಿಬ್ಯೂಟರ್ ಶಾಫ್ಟ್ ಸವೆದು ಅಲುಗಾಡುವ ಗಾಡಿಗೆ ಪಾಯಿಂಟ್ ಗ್ಯಾಪ್ ನಿಲ್ಲುವುದೇ ಇಲ್ಲ, ಅಲ್ವಾ? ಅಂಥ ಕಡೆ ಅದೇ ವಾಸಿ. ನನ್ನ ಶಾಫ್ಟ್ ಗಟ್ಟಿಯಾಗಿದೆ, ನಾನು ಪಾಯಿಂಟ್‌ಗೇ ವಾಪಸ್ ಬಂದೆ. ನೀವು ಯಾವುದೇ ಆರಿಸಿ, ಗ್ಯಾಪ್ ಇಟ್ಟ ಒಂದು ಪಾಯಿಂಟ್ ಪ್ಲೇಟ್, ಓಡಿಸಿ ನೋಡಿದ ಹಳೇ ಕಂಡೆನ್ಸರ್, ಸ್ಕ್ರೂಡ್ರೈವರ್, ಫೀಲರ್ ಗೇಜ್ ಇಷ್ಟನ್ನೂ ಒಂದು ಡಬ್ಬಿಗೆ ಹಾಕಿ ಡಿಕ್ಕಿಯಲ್ಲಿ ಇಡಿ.