ನಾನೇ ಕಟ್ಟಿದ ನಾಲ್ಕು ಚಾನೆಲ್ ಆಂಪ್ಲಿಫೈಯರ್: ನಾಲ್ಕು ವರ್ಷ ಕೇಳಿದ ಮೇಲೆ

ಎಲ್‌ಎಂ3886 ಎಂಬ ಆಂಪ್ಲಿಫೈಯರ್ ಚಿಪ್‌ನ ನಾಲ್ಕು ಬೋರ್ಡ್, ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್, ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಎರಡು ಚಿಪ್ ವೂಫರ್‌ಗಳಿಗೆ (ತಗ್ಗು ಸ್ವರದ ದೊಡ್ಡ ಸ್ಪೀಕರ್), ಇನ್ನೆರಡು ಟ್ವೀಟರ್‌ಗಳಿಗೆ (ಮೇಲು ಸ್ವರದ ಸಣ್ಣ ಸ್ಪೀಕರ್). ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ದಿನಾ ಇದರಲ್ಲೇ ಹಾಡು ಕೇಳುತ್ತಿದ್ದೇನೆ.

ಹೀಗೆ ವೂಫರ್‌ಗೂ ಟ್ವೀಟರ್‌ಗೂ ಬೇರೆ ಬೇರೆ ಆಂಪ್ಲಿಫೈಯರ್ ಕೊಡುವುದಕ್ಕೆ ಬೈ-ಆಂಪಿಂಗ್ ಅನ್ನುತ್ತಾರೆ. ಅದನ್ನು ಮಾಡುವವರಿಗೆ ಒಂದು ಮಾತು ಮೊದಲೇ ಹೇಳುತ್ತೇನೆ. ಸ್ಪೀಕರ್ ಒಳಗಿನ ಕ್ರಾಸ್‌ಓವರ್ (ತಗ್ಗು, ಮೇಲು ಸ್ವರ ಬೇರೆ ಮಾಡುವ ಸರ್ಕ್ಯೂಟ್) ಹಾಗೇ ಬಿಟ್ಟು, ಹಿಂದೆ ವೂಫರ್, ಟ್ವೀಟರ್ ಟರ್ಮಿನಲ್‌ಗಳನ್ನು ಸೇರಿಸುವ ಲೋಹದ ಪಟ್ಟಿ ತೆಗೆದು ಎರಡು ಆಂಪ್ಲಿಫೈಯರ್ ಜೋಡಿಸಿದರೆ ಸಿಗುವುದು ಬಹಳ ಕಡಿಮೆ. ಮೊದಲ ವರ್ಷ ನಾನು ಹಾಗೇ ಕೇಳಿದೆ. ಕಣ್ಣು ಮುಚ್ಚಿ ಕೂತರೆ ಒಂದು ಆಂಪ್ಲಿಫೈಯರ್ ಯಾವುದು, ಎರಡು ಯಾವುದು ಅಂತ ಹೇಳಲು ಆಗಲಿಲ್ಲ. (ಆ ಪಟ್ಟಿ ತೆಗೆಯಲು ಮರೆತರೆ ಎರಡು ಆಂಪ್ಲಿಫೈಯರ್‌ಗಳ ಔಟ್‌ಪುಟ್ ಒಂದಕ್ಕೊಂದು ತಗಲುತ್ತದೆ. ಚಿಪ್ ಹೋಗಬಹುದು. ಎರಡು ಸಲ ನೋಡಿ.)

ನಿಜವಾದ ಬದಲಾವಣೆ ಬಂದದ್ದು ಒಳಗಿನ ಕ್ರಾಸ್‌ಓವರ್ ಬಿಚ್ಚಿಟ್ಟ ಮೇಲೆ. ಎನ್‌ಇ5532 ಆಪ್‌ಆಂಪ್ (ಸಣ್ಣ ಸಿಗ್ನಲ್‌ಗೆ ಬಳಸುವ ಚಿಪ್) ಹಾಕಿ ಆಂಪ್ಲಿಫೈಯರ್‌ಗಿಂತ ಮುಂಚೆಯೇ ಸಿಗ್ನಲ್ಲನ್ನು ತಗ್ಗು, ಮೇಲು ಅಂತ ಎರಡು ಭಾಗ ಮಾಡುವ ಬೋರ್ಡ್ ಮಾಡಿದೆ. 2.5 ಕಿಲೋಹರ್ಟ್ಸ್‌ನಲ್ಲಿ, ಲಿಂಕ್‌ವಿಟ್ಜ್-ರೈಲಿ ಬಗೆಯ ಫಿಲ್ಟರ್. 1976ರಲ್ಲಿ ಇಬ್ಬರು ಇಂಜಿನಿಯರ್‌ಗಳು ಕೊಟ್ಟ ಲೆಕ್ಕ ಅದು, ಇವತ್ತಿಗೂ ಬಹಳ ಜನ ಅದನ್ನೇ ಬಳಸುತ್ತಾರೆ. ಈಗ ವೂಫರ್ ಮತ್ತು ಚಿಪ್ ನಡುವೆ ತಂತಿ ಬಿಟ್ಟರೆ ಏನೂ ಇಲ್ಲ, ಕಾಯಿಲ್ ಇಲ್ಲ. ಟ್ವೀಟರ್ ಜೋರಾಗಿದ್ದರೆ ಬೋರ್ಡ್ ಮೇಲಿನ ಒಂದು ಸಣ್ಣ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ವಾಲ್ಯೂಮ್) ತಿರುಗಿಸಿದರೆ ಸಾಕು.

ನಾನು ಯಕ್ಷಗಾನದ ರೆಕಾರ್ಡಿಂಗ್ ಹಾಕಿ ಪರೀಕ್ಷೆ ಮಾಡುತ್ತೇನೆ. ಚಂಡೆ ಜೋರಾದಾಗ ಭಾಗವತರ ಪದ ಮೊದಲು ಕಲಸಿಹೋಗುತ್ತಿತ್ತು. ಈಗ ಚಂಡೆಯ ಪೆಟ್ಟು ಒಂದು ಕಡೆ, ಪದ ಒಂದು ಕಡೆ, ಮದ್ದಳೆಯ ಗುಂಕಿ ಕೆಳಗೆ ಬೇರೆಯೇ. ಮೊದಲ ಸಲ ಹೀಗೆ ಕೇಳಿದ ದಿನ ಇಡೀ ಪ್ರಸಂಗ ಕೇಳಿಯೇ ಎದ್ದೆ.

ಕಟ್ಟುವಾಗ ಜಾಸ್ತಿ ಸತಾಯಿಸಿದ್ದು ಗುಂಯ್ ಶಬ್ದ. ಎರಡು ವಾರ ಅದರ ಹಿಂದೆಯೇ ಇದ್ದೆ. ಸಿಗ್ನಲ್‌ನ ಗ್ರೌಂಡ್ ತಂತಿಯನ್ನು ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು) ಹತ್ತಿರ ಸೇರಿಸಿದ್ದೆ. ಅಲ್ಲಿ ಸೆಕೆಂಡಿಗೆ 100 ಸಲ ಕೆಪಾಸಿಟರ್ ತುಂಬುವ ಕರೆಂಟ್ ಹರಿಯುತ್ತದೆ, ಅದೇ ಸ್ಪೀಕರ್‌ನಲ್ಲಿ ಕೇಳುತ್ತಿತ್ತು. ಕೆಪಾಸಿಟರ್‌ಗಳು ದಾಟಿದ ಮೇಲೆ ಒಂದೇ ಜಾಗಕ್ಕೆ ಎಲ್ಲ ಗ್ರೌಂಡ್ ತಂದೆ, ನಿಂತುಹೋಯಿತು. ಗುಂಯ್ ನಿಲ್ಲಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ. ಪೆಟ್ಟಿಗೆಗೆ ಅರ್ಥ್ ಇರಲೇಬೇಕು.

ಟ್ರಾನ್ಸ್‌ಫಾರ್ಮರ್ 24-0-24 ವೋಲ್ಟ್‌ನದು. ಕೆಪಾಸಿಟರ್ ಮೇಲೆ ಸುಮಾರು ±33 ವೋಲ್ಟ್ ಬರುತ್ತದೆ. 8 ಓಮ್ ಸ್ಪೀಕರ್‌ಗೆ ಇದು ಧಾರಾಳ. ಈ ಚಿಪ್‌ನ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತದೆ, ಆದ್ದರಿಂದ ಹೀಟ್ ಸಿಂಕ್‌ಗೂ ಚಿಪ್‌ಗೂ ನಡುವೆ ಕರೆಂಟ್ ದಾಟದಂತೆ ಮೈಕಾ ಹಾಳೆ ಬೇಕು. ಒಂದು ಚಿಪ್‌ಗೆ ಹಾಕುವುದನ್ನು ಮರೆತಿದ್ದೆ. ಜಾಸ್ತಿ ಕರೆಂಟ್ ಹರಿಯದಿರಲಿ ಅಂತ ಮೈನ್ಸ್ ಜೊತೆ ಸೀರೀಸ್‌ನಲ್ಲಿ 100 ವ್ಯಾಟ್ ಫಿಲಮೆಂಟ್ ಬಲ್ಬ್ ಇಟ್ಟು ಆನ್ ಮಾಡಿದ್ದರಿಂದ ಬಲ್ಬ್ ಪೂರ್ತಿ ಉರಿಯಿತು, ಚಿಪ್ ಉಳಿಯಿತು. ಅದಕ್ಕೂ ಮುಂಚೆ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಎರಡು ಚಿಪ್ ನಕಲಿ, ಸಣ್ಣ ವಾಲ್ಯೂಮ್‌ಗೇ ಸುಟ್ಟವು. ಚಿಪ್‌ನಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ಟ್ವೀಟರ್‌ಗೆ ಸರಣಿಯಲ್ಲಿ 33 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟಿದ್ದೇನೆ. ಆಂಪ್ಲಿಫೈಯರ್ ಕೆಟ್ಟು ಡಿಸಿ ಬಂದರೆ ಟ್ವೀಟರ್ ಸುಡಬಾರದಲ್ವಾ?

ನಾಲ್ಕು ವರ್ಷದಲ್ಲಿ ಕೆಟ್ಟದ್ದು ಕಡಿಮೆ. ಒಂದು ಮಳೆಗಾಲದಲ್ಲಿ ಇನ್‌ಪುಟ್ ಸಾಕೆಟ್ ಕಪ್ಪಾಗಿ ಎಡಗಡೆ ಕರಕರ ಅಂದಿತು, ಬದಲಾಯಿಸಿದೆ. ಸುಮ್ನೆ ಆನ್ ಇಟ್ಟರೂ ಒಂದೊಂದು ಚಿಪ್ 3 ವ್ಯಾಟ್‌ಗೂ ಜಾಸ್ತಿ ತಿನ್ನುತ್ತದೆ, ಪೆಟ್ಟಿಗೆ ಬೆಚ್ಚಗೇ ಇರುತ್ತದೆ. ಕೇಳದಾಗ ಆಫ್ ಮಾಡುವುದು ಒಳ್ಳೆಯದು.

ಹೋದ ತಿಂಗಳು ಮುಚ್ಚಳ ತೆಗೆದು ನೋಡಿದೆ. ನಾಲ್ಕೂ ಔಟ್‌ಪುಟ್‌ನಲ್ಲಿ ಡಿಸಿ 10 ಮಿಲಿವೋಲ್ಟ್‌ಗಿಂತ ಕೆಳಗೇ ಇದೆ. ಎರಡು ವೂಫರ್ ಚಿಪ್‌ಗಳ ಹಿಂದೆ ಬಿಸಿಯನ್ನು ಹೀಟ್ ಸಿಂಕ್‌ಗೆ ದಾಟಿಸುವ ಪೇಸ್ಟ್ ಒಣಗಿತ್ತು. ಒರೆಸಿ ಹೊಸದು ಹಚ್ಚಿ, ಸ್ಕ್ರೂ ಬಿಗಿ ಮಾಡಿ ಮುಚ್ಚಿದೆ.