ಮಾಟುಂಗಾದಿಂದ ಕೋಥ್ರೂಡ್‌ಗೆ: ಬಾಡಿಗೆ ಮನೆ ಏಜೆಂಟರ ಸೇವೆ ಹೇಗಿತ್ತು

ಮಾಟುಂಗಾದ ಒಂದು ಬಿಎಚ್‌ಕೆ ಮನೆಗೆ ತಿಂಗಳಿಗೆ 48,000 ರೂಪಾಯಿ ಕೊಡುತ್ತಿದ್ದ ನಮಗೆ, ಕರಾರು ನವೀಕರಿಸುವ ಹೊತ್ತಿಗೆ ಮಾಲೀಕರು 56,000 ಕೇಳಿದಾಗ, ಹದಿನಾಲ್ಕು ವರ್ಷಗಳ ಮುಂಬೈ ವಾಸ ಮುಗಿಸುವ ಮಾತು ಮೊದಲ ಬಾರಿಗೆ ಗಂಭೀರವಾಗಿ ಎದ್ದಿತು. ಯಜಮಾನರಿಗೆ ವಾರಕ್ಕೆ ಎರಡೇ ದಿನ ಕಚೇರಿ; ಆ ದಿನಗಳಲ್ಲಿ ಪುಣೆಯಿಂದ ಬೆಳಿಗ್ಗೆ 7.15ಕ್ಕೆ ಹೊರಡುವ ಡೆಕ್ಕನ್ ಕ್ವೀನ್ ರೈಲು ಹಿಡಿದರಾಯಿತು ಎಂದುಕೊಂಡು, ಪುಣೆಯ ಕೋಥ್ರೂಡ್ ಬಡಾವಣೆಯ ಏಜೆಂಟರೊಬ್ಬರಿಗೆ ಮನೆ ಹುಡುಕುವ ಕೆಲಸ ಒಪ್ಪಿಸಿದೆವು. ಮಾಟುಂಗಾದ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳು ತಪ್ಪುತ್ತವಲ್ಲ ಎಂಬ ಅತ್ತೆಯವರ ಕೊರಗು ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ.

ಮನೆ ತೋರಿಸುವುದರಲ್ಲಿ ಏಜೆಂಟರು ಪ್ರಾಮಾಣಿಕರು. ಆರು ಮನೆಗಳಲ್ಲಿ ಎರಡನ್ನು ಅವರೇ ಬೇಡವೆಂದರು: ಒಂದಕ್ಕೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ, ಇನ್ನೊಂದರ ಸೊಸೈಟಿಯಲ್ಲಿ ಬಾಡಿಗೆದಾರರ ಕಾರಿಗೆ ಜಾಗವಿಲ್ಲ. ಕೊನೆಗೆ 30,000 ಬಾಡಿಗೆ, 90,000 ಮುಂಗಡಕ್ಕೆ ಎರಡು ಬಿಎಚ್‌ಕೆ ಒದಗಿತು.

ಬೇಸರವಾದದ್ದು ಕರಾರಿನ ಹಂತದಲ್ಲಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಲೀವ್ ಅಂಡ್ ಲೈಸೆನ್ಸ್ ಕರಾರನ್ನು (ನಿಗದಿತ ಅವಧಿಗೆ ಮನೆಯಲ್ಲಿರಲು ಅನುಮತಿ ಕೊಡುವ ಕರಾರು) ನೋಂದಾಯಿಸುವ ಹೊಣೆ ಮನೆ ಮಾಲೀಕರದು. ಆದರೂ ಏಜೆಂಟರು ಅದಕ್ಕೆಂದು ನಮ್ಮಿಂದಲೇ 5,500 ರೂಪಾಯಿ ಕೇಳಿದರು. ಹನ್ನೊಂದು ತಿಂಗಳ ಬಾಡಿಗೆ ಮತ್ತು ಮುಂಗಡಕ್ಕೆ ಲೆಕ್ಕ ಹಾಕುವ ಬಡ್ಡಿಯ ಮೇಲೆ ಶೇ. 0.25ರಂತೆ ಮುದ್ರಾಂಕ ಶುಲ್ಕ ಸುಮಾರು 850 ರೂಪಾಯಿ, ನಗರ ವ್ಯಾಪ್ತಿಯ ನೋಂದಣಿ ಶುಲ್ಕ 1,000 ರೂಪಾಯಿ. ಉಳಿದದ್ದು ಏತಕ್ಕೆಂದು ಬಿಡಿಬಿಡಿಯಾಗಿ ಕೇಳಿದ ಮೇಲೆ ಮೊತ್ತ 3,500ಕ್ಕೆ ಇಳಿಯಿತು. ನೋಂದಣಿಗೆ ಬೆರಳ ಗುರುತು ಪಡೆಯುವ ಯಂತ್ರ ಹಿಡಿದ ಹುಡುಗ ಮನೆಗೇ ಬಂದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ್ದು ನಿಜಕ್ಕೂ ಅನುಕೂಲವಾಯಿತು.

ಮುಂಬೈ ಮಾಲೀಕರು ಕೇಳಿದ 56,000ಕ್ಕೆ ಹೋಲಿಸಿ "ತಿಂಗಳಿಗೆ 26,000 ಉಳಿಯುತ್ತದೆ" ಎಂದು ಏಜೆಂಟರು ಹೇಳುತ್ತಲೇ ಇದ್ದರು. ಒಂದು ತಿಂಗಳ ಬಾಡಿಗೆಯಷ್ಟು ದಲ್ಲಾಳಿ, ಸಾಮಾನು ಸಾಗಣೆಯ 22,000, ಮಗಳ ಹೊಸ ಶಾಲೆಯ ಪ್ರವೇಶಕ್ಕೆ 60,000, ರೈಲು ಮತ್ತು ರಿಕ್ಷಾಕ್ಕೆ ತಿಂಗಳಿಗೆ 2,000, ಜೊತೆಗೆ ಕರಾರಿನ ಖರ್ಚು ಎಲ್ಲವನ್ನೂ ಕಳೆದರೆ ಮೊದಲ ವರ್ಷ ತಿಂಗಳಿಗೆ ನಮ್ಮ ಕೈಯಲ್ಲಿ ನಿಲ್ಲುವುದು ಹದಿನಾಲ್ಕು ಸಾವಿರದ ಆಸುಪಾಸು. ಅದೂ ಕಡಿಮೆಯೇನಲ್ಲ, ಆದರೆ ಮುಂಬೈ ಮಾಲೀಕರು ಮುಂಗಡ ಹಿಂದಿರುಗಿಸುವ ಮೊದಲೇ ಇಲ್ಲಿ 90,000 ಹೊಂದಿಸಬೇಕಾದ ಪೇಚಾಟವನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಮನೆ ಹುಡುಕಲು ಇವರನ್ನು ಧೈರ್ಯವಾಗಿ ಕೇಳಬಹುದು. ಹನ್ನೊಂದು ತಿಂಗಳು ಮುಗಿದ ಮೇಲೆ ಕರಾರನ್ನು ಮಾತ್ರ ನಾವು, ಮಾಲೀಕರು ಕೂಡಿ ಆನ್‌ಲೈನ್‌ನಲ್ಲೇ ನೋಂದಾಯಿಸಿಕೊಳ್ಳುತ್ತೇವೆ.