ಕಂಬದ ಮೇಲೆ ಫೈಬರ್: ಉಕ್ಕಿನ ತಂತಿಯದೋ, ಲೋಹವಿಲ್ಲದ್ದೋ?

ಹೊಳಲ್ಕೆರೆ ಕಡೆಯ ಎರಡು ಹಳ್ಳಿಗಳಿಗೆ ವಿದ್ಯುತ್ ಕಂಬಗಳ ಮೇಲೆ ಫೈಬರ್ ಎಳೆದೆವು. ಮೊದಲನೆಯದಕ್ಕೆ ಉಕ್ಕಿನ ತಂತಿಯಿರುವ, ಎಂಟರ ಆಕಾರದ ಫಿಗರ್ ಎಯ್ಟ್ ಕೇಬಲ್, ಎರಡನೆಯದಕ್ಕೆ ಲೋಹವಿಲ್ಲದ ಎಡಿಎಸ್‌ಎಸ್. ಚಿತ್ರದುರ್ಗದ ನೆಲದಲ್ಲಿ ಇನ್ನು ನಾನು ಎಡಿಎಸ್‌ಎಸ್ ಬಿಟ್ಟು ಬೇರೆ ಕೊಳ್ಳುವುದಿಲ್ಲ.

ಫಿಗರ್ ಎಯ್ಟ್‌ನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ. ಎಡಿಎಸ್‌ಎಸ್‌ನಲ್ಲಿ ಆ ಕೆಲಸವನ್ನು ಅರಾಮಿಡ್ ಎಂಬ ಗಟ್ಟಿ ಕೃತಕ ನೂಲು ಮಾಡುತ್ತದೆ, ಲೋಹದ ಎಳೆ ಒಂದೂ ಇಲ್ಲ. ಫಿಗರ್ ಎಯ್ಟ್‌ನ ಬೆಲೆ ಕಡಿಮೆ. ಅದಕ್ಕೇ ಮೊದಲು ಅದನ್ನು ತಂದೆ.

ಕೆಲಸ ಮುಗಿದ ವಾರದಲ್ಲೇ ಲೈನ್‌ಮನ್ ಫೋನ್ ಮಾಡಿದರು. "ಅಣ್ಣಾ, ನಿಮ್ಮ ತಂತಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಅರ್ಥಿಂಗ್ ಮಾಡಿಸುವ ತನಕ ನಾನು ಆ ಕಂಬ ಹತ್ತುವುದಿಲ್ಲ." ಹೋಗಿ ನೋಡಿದೆ. ಹಿಡಿಕೆ ಹಾಕಲು ಕಪ್ಪು ಹೊದಿಕೆ ಸುಲಿದ ಕಡೆ ಗೇಣುದ್ದ ಉಕ್ಕು ಬರಿದಾಗಿ ಹೊಳೆಯುತ್ತಿತ್ತು. ಮೇಲೆ 11 ಕೆವಿ, ಅಂದರೆ 11 ಸಾವಿರ ವೋಲ್ಟಿನ ಲೈನ್. ಅದರ ಜೊತೆಜೊತೆಗೇ ದೂರ ಸಾಗುವ ಲೋಹದ ತಂತಿಯಲ್ಲಿ, ಲೈನಿಗೆ ತಾಗದಿದ್ದರೂ ವೋಲ್ಟೇಜ್ ಹುಟ್ಟುತ್ತದೆ. ಮೇಲಿನ ತಂತಿ ಹರಿದು ಇದರ ಮೇಲೆ ಬಿದ್ದರಂತೂ ಅಪಾಯ ಆ ಒಂದು ಕಂಬಕ್ಕೆ ನಿಲ್ಲುವುದಿಲ್ಲ, ತಂತಿ ಹೋದಷ್ಟು ದೂರ ಹೋಗುತ್ತದೆ.

ಸರಿ, ಅರ್ಥಿಂಗ್ ಮಾಡಿಸೋಣವೆಂದು ಹೊರಟೆವು. ಒಂದೂವರೆ ಅಡಿಗೇ ಹಾರೆ ಟಣ್ಣೆಂದಿತು. ಕೆಳಗೆ ಬಂಡೆ. ಜಾಗ ಬದಲಿಸಿ, ಮತ್ತೆ ಅಗೆದು, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿದೆವು. ಅರ್ಥಿಂಗ್‌ನ ರೋಧ ಅಳೆಯುವ ಮೀಟರ್ ಮಳೆಗಾಲದಲ್ಲಿ ಕಡಿಮೆ ಅಂಕಿ, ಅಂದರೆ ಒಳ್ಳೆಯ ಅಂಕಿಯನ್ನೇ ತೋರಿಸಿತು. ಯುಗಾದಿಯ ಹೊತ್ತಿಗೆ ಗುಂಡಿ ಒಣಗಿ ಅಂಕಿ ಮತ್ತೆ ಏರಿತು. ಟ್ಯಾಂಕರ್ ನೀರಿಗೆ ಸಾಲು ನಿಲ್ಲುವ ಊರಿನಲ್ಲಿ ನಾವು ಗುಂಡಿಗೆ ಬಿಂದಿಗೆಗಟ್ಟಲೆ ನೀರು ಸುರಿಯುತ್ತಿದ್ದರೆ ಹೆಂಗಸರು ನಿಂತು ನೋಡುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ಉಳಿಸಿದ ಹಣವೆಲ್ಲ ಗುಂಡಿಗಳಿಗೇ ಹೋಯಿತು.

ಗಾಳಿಯ ಮಾತೂ ಇದೆ. ಗಾಳಿಯಂತ್ರಗಳು ನಿಂತಿರುವ ಗುಡ್ಡಗಳ ಸೀಮೆ ನಮ್ಮದು. ಎಂಟರ ಆಕಾರದ ಕೇಬಲ್ ಆಷಾಢದಲ್ಲಿ ಕುಣಿಯುತ್ತದೆ. ಎಳೆಯುವಾಗಲೇ ಕಂಬದಿಂದ ಕಂಬದ ನಡುವೆ ಕೆಲವು ತಿರುಚು ಕೊಟ್ಟರೆ ಕುಣಿತ ತಗ್ಗುತ್ತದೆ.

ಎಡಿಎಸ್‌ಎಸ್‌ಗೆ ಅದರದೇ ಹಟವಿದೆ. ಕೇಬಲ್ಲಿನ ವ್ಯಾಸಕ್ಕೆ ತಕ್ಕ ಸುರುಳಿ ಹಿಡಿಕೆಯನ್ನೇ ಹಾಕಬೇಕು. ಎಳೆಯುವಾಗ ಬಾಗಿನ ತ್ರಿಜ್ಯ ವ್ಯಾಸದ 20 ಪಟ್ಟಿಗಿಂತ ಕಡಿಮೆಯಾಗಬಾರದು, ಅಂದರೆ 10 ಮಿ.ಮೀ. ಕೇಬಲ್ಲಿಗೆ 20 ಸೆಂ.ಮೀ. ನಮ್ಮ ಹುಡುಗರು ಒಂದು ಮೂಲೆಕಂಬದಲ್ಲಿ ಲೂಪನ್ನು ಬಿಗಿಯಾಗಿ ಸುತ್ತಿದ್ದರು. 1310 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಪರೀಕ್ಷಿಸಿದಾಗ ಎಲ್ಲ ಚೆನ್ನಾಗಿಯೇ ಕಂಡಿತು, 1550ರಲ್ಲಿ ಬೆಳಕಿನ ನಷ್ಟ ಎದ್ದು ಕಾಣಿಸಿತು. ಲೂಪ್ ಸಡಿಲಿಸಿದೆವು, ಸರಿಹೋಯಿತು. ಅಂದಿನಿಂದ ಎರಡರಲ್ಲೂ ನೋಡದೆ ಕೆಲಸ ಒಪ್ಪಿಸುವುದಿಲ್ಲ. ಪ್ರಸರಣ ಗೋಪುರಗಳ ದೊಡ್ಡ ಲೈನುಗಳ ಮೇಲಾದರೆ ಸಾಮಾನ್ಯ ಹೊದಿಕೆ ಸಾಲದು. ಧೂಳಿಗೆ ತೇವ ಸೇರಿ ಕಿಡಿ ಹಾರಿ ಹೊದಿಕೆಯೇ ಸುಡುತ್ತದೆ. ಅಲ್ಲಿಗೆ ಬೇರೆ ಬಗೆಯ ಹೊದಿಕೆ ಬೇಕು.

ಯಾವುದೇ ಕೇಬಲ್ ಇರಲಿ, ಲೈನ್ ಕ್ಲಿಯರ್, ಅಂದರೆ ಲೈನಿನ ವಿದ್ಯುತ್ ನಿಲ್ಲಿಸಿದ್ದೇವೆಂಬ ಅನುಮತಿ, ಸಿಗದೆ ಕಂಬ ಹತ್ತಬಾರದು. ಲೋಹವಿಲ್ಲದ್ದು ಕೇಬಲ್ ಮಾತ್ರ, ಮೇಲಿನ ಲೈನ್ ಅಲ್ಲ. ಜಾಯಿಂಟ್ ಬಾಕ್ಸ್ ನೆಲಕ್ಕೆ ಇಳಿಯುವಷ್ಟು ಕೇಬಲ್ ಬಿಟ್ಟಿರಬೇಕು, ಸ್ಪ್ಲೈಸಿಂಗ್, ಅಂದರೆ ಫೈಬರ್ ಎಳೆಗಳನ್ನು ಬೆಸೆಯುವುದು, ಕೆಳಗೆ ಕುಳಿತು ಮಾಡುವ ಕೆಲಸ.

ದಾವಣಗೆರೆಯ ಭದ್ರಾ ನಾಲೆ ಬಯಲಿನಲ್ಲಿ ನನ್ನ ಭಾವ ಫಿಗರ್ ಎಯ್ಟ್ ಎಳೆಯುತ್ತಾರೆ. ಗದ್ದೆಯ ಹಸಿ ನೆಲದಲ್ಲಿ ಅವರ ಅರ್ಥಿಂಗ್ ಚೆನ್ನಾಗಿ ನಿಂತಿದೆ, ಪ್ರತಿ ಬೇಸಿಗೆಯಲ್ಲಿ ಅಳೆದು ನೋಡುವ ಶಿಸ್ತೂ ಅವರಿಗಿದೆ. ಅವರಿಗೆ ಅದೇ ಸರಿ. ನನ್ನ ಬಳಿ ಇರುವುದು ಇಬ್ಬರು ಹುಡುಗರು. ಗುಂಡಿಗಳನ್ನು ಕಾಯಲು ಪುರುಸೊತ್ತಿಲ್ಲ. ಒಮ್ಮೆ ಹೆಚ್ಚು ಹಣ ಕೊಟ್ಟು ಎಡಿಎಸ್‌ಎಸ್ ತರುವುದೇ ನನಗೆ ಅಗ್ಗ.

ಮೊದಲ ಹಳ್ಳಿಯಲ್ಲೂ 11 ಕೆವಿ ಕೆಳಗಿನ ಭಾಗವನ್ನು ಬದಲಾಯಿಸಿದ್ದೇವೆ. ಲೈನ್‌ಮನ್ ಈಗ ಆ ಕಂಬ ಹತ್ತುತ್ತಾರೆ.